ಪುಟ್ಟಗೌರಮ್ಮನವರ ಅಪ್ಪಣೆ

ನಾನು ಒಂದು ಕಾಲದಲ್ಲಿ ಕಳ್ಳನಾಗಿದ್ದೆ. ಇದನ್ನು ಹೇಳಿಕೊಳ್ಳಲು ಈಗ ಸಂಕೋಚವೇನೂ ಇಲ್ಲ, ಏಕೆಂದರೆ ಆಗ ಅದನ್ನು ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿಯೇ ಹಾಕಿದ್ದೆ: ‘ಇಲ್ಲಿ ನಿಮಗೆ ಬೇಕಾದ ಹಾಡುಗಳನ್ನು ರೆಕಾರ್ಡಿಂಗ್ ಮಾಡಿಕೊಡಲಾಗುವುದು’. ಮತ್ತಿಕೆರೆಯಲ್ಲಿ ಒಂದು ಮನೆಯ ಮಹಡಿ ಮೆಟ್ಟಿಲ ಕೆಳಗೆ ನನ್ನ ಕ್ಯಾಸೆಟ್ ಅಂಗಡಿ. ನಾನು ಒಳಗೆ ನಿಂತರೆ ಗಿರಾಕಿ ಹೊರಗೇ ನಿಲ್ಲಬೇಕು, ಅಷ್ಟಗಲ. ಬಾಡಿಗೆ ರೂಮುಗಳಲ್ಲಿದ್ದ ಕಾಲೇಜು ವಿದ್ಯಾರ್ಥಿಗಳು ನೋಟ್‌ಬುಕ್ಕಿನ ಹಾಳೆಯಲ್ಲಿ ಹಾಡುಗಳ ಪಟ್ಟಿ ಬರೆದು ತರುತ್ತಿದ್ದರು. ಪಟ್ಟಿಯಲ್ಲಿ ಒಂದೇ ಹಾಡು ಎರಡು ಸಲ ಇದ್ದರೆ ಪ್ರೇಮ ಹೊಸದು, ಎಲ್ಲವೂ ಅಳುವ ಹಾಡುಗಳಾಗಿದ್ದರೆ ಪರೀಕ್ಷೆಯ ಜೊತೆ ಪ್ರೇಮವೂ ಕೈಕೊಟ್ಟಿದೆ ಎಂದು ನನಗೆ ಕೂತಲ್ಲೇ ತಿಳಿಯುತ್ತಿತ್ತು. ಹತ್ತು ಕ್ಯಾಸೆಟ್ಟುಗಳಿಂದ ಹತ್ತು ಹಾಡು ಹೆಕ್ಕಿ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ, ಮೇಲೆ ದುಂಡಗಿನ ಅಕ್ಷರದಲ್ಲಿ ಹೆಸರು ಬರೆದು ಕೊಡುತ್ತಿದ್ದೆ. ಇದಕ್ಕೆ ಪೈರಸಿ ಎಂಬ ಹೆಸರಿದೆ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ನಮ್ಮಂಥವರಿಂದ ಕಂಪನಿಗಳ ವ್ಯಾಪಾರ ಬಿತ್ತು, ನಿಜ. ಅವರೂ ಸುಮ್ಮನಿರಲಿಲ್ಲ. ಮೊದಲು ಕವರಿನ ಮೇಲೆ ಎಚ್ಚರಿಕೆ ಅಚ್ಚು ಹಾಕಿಸಿದರು. ಆಮೇಲೆ ಮಿನುಗುವ ಸ್ಟಿಕ್ಕರ್ ಅಂಟಿಸಿದರು. ಫುಟ್‌ಪಾತಿನಲ್ಲಿ ಅದಕ್ಕಿಂತ ಚೆನ್ನಾಗಿ ಮಿನುಗುವ ಸ್ಟಿಕ್ಕರ್ ಬಂತು. ಪೊಲೀಸರನ್ನು ಕರೆದುಕೊಂಡು ಅಂಗಡಿಗಳಿಗೆ ನುಗ್ಗಿದರು. ಸಿ.ಡಿ. ಬಂದ ಮೇಲೆ ನಕಲಾಗದಂತೆ ಅದರೊಳಗೊಂದು ಬೀಗ ಹಾಕಿದರು. ಅದು ದುಡ್ಡು ಕೊಟ್ಟು ಕೊಂಡವನ ಮನೆಯಲ್ಲಿ ಹಾಡಲಿಲ್ಲ, ಕದ್ದವನ ಮನೆಯಲ್ಲಿ ಹಾಡಿತು. ಈಗ ಬೀಗವನ್ನೆಲ್ಲ ಬಿಚ್ಚಿ, ಲೋಕದ ಹಾಡುಗಳನ್ನೆಲ್ಲ ಫೋನಿನಲ್ಲಿ ತಿಂಗಳ ಬಾಡಿಗೆಗೆ ಕೊಟ್ಟು ಕೂತಿದ್ದಾರೆ. ಇಷ್ಟು ದೊಡ್ಡ ದೊಡ್ಡವರು ಇಷ್ಟು ವರ್ಷ ಹೆಣಗಿ ಮಾಡಲಾಗದ ಒಂದು ಕೆಲಸ ನನ್ನ ಕೈಯಲ್ಲಿ ಆಗಿಹೋಗಿದೆ. ಅದೂ ನನಗೆ ಗೊತ್ತಿಲ್ಲದ ಹಾಗೆ.

ಅದನ್ನು ಹೇಳಬೇಕಾದರೆ ನನ್ನ ಚಿಕ್ಕಮ್ಮನಿಂದ ಶುರು ಮಾಡಬೇಕು. ಹೆಸರು ಪುಟ್ಟಗೌರಮ್ಮ, ಊರು ಬಾಗಲಗುಂಟೆ. ಅಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದ ದಿನಗಳವು. ಸೋಬಾನೆ ಹಾಡುವುದರಲ್ಲಿ ಅವಳು ಎತ್ತಿದ ಕೈ. ಹೆಸರಘಟ್ಟದಿಂದ ಯಲಹಂಕದವರೆಗೆ ಯಾರ ಮನೆಯಲ್ಲಿ ಮದುವೆಯಾದರೂ ಅರಿಶಿನದ ಶಾಸ್ತ್ರಕ್ಕೆ ಅವಳು ಹೋಗಿ ಕೂರಬೇಕು, ಸೊಲ್ಲು ಎತ್ತಬೇಕು. ಹಾಡಿದವರಿಗೆ ಹೆಣ್ಣಿನ ತಾಯಿ ಚಪ್ಪರದಲ್ಲಿ, ಎಲ್ಲರೆದುರು, ತಾನೇ ತಾಂಬೂಲ ಕೊಡಬೇಕು: ಎಲೆ, ಅಡಿಕೆ, ತೆಂಗಿನಕಾಯಿ, ಬೆಲ್ಲದಚ್ಚು. ಅದು ಕೂಲಿಯಲ್ಲ, ಮರ್ಯಾದೆ. ಒಮ್ಮೆ ಯಾರೋ ಅವಸರದಲ್ಲಿ ಬೇರೆಯವರ ಕೈಯಲ್ಲಿ ಕಳಿಸಿಕೊಟ್ಟರೆಂದು ಚಿಕ್ಕಮ್ಮ ತಟ್ಟೆಯನ್ನು ಮುಟ್ಟದೆ ಎದ್ದು ಬಂದಿದ್ದಳು.

ಇಂಥವಳನ್ನು ನಾನು ಅಂಗಡಿಯ ಟೇಪ್‌ರೆಕಾರ್ಡರ್ ಮುಂದೆ ಕೂರಿಸಿದೆ. ಕೂತವಳು ಹಾಡಲೇ ಇಲ್ಲ. “ಮದ್ವಣಗಿತ್ತಿ ಇಲ್ದೆ ಯಾರ್ಗ್ಲಾ ಆಡ್ಲಿ?” ಎಂದಳು. ಕೊನೆಗೆ ನನ್ನ ಹೆಂಡತಿಯನ್ನೇ ಮಣೆಯ ಮೇಲೆ ಕೂರಿಸಿ ಕೆನ್ನೆಗೆ ಅರಿಶಿನ ಬಳಿದ ಮೇಲೆ ಗಂಟಲು ಬಿಚ್ಚಿತು. ಹಾಡೆಲ್ಲ ಮುಗಿದಾಗ ಅವಳು ಪೆಟ್ಟಿಗೆಯನ್ನು ಅನುಮಾನದಿಂದ ನೋಡಿ ಕೇಳಿದ್ದು ಒಂದೇ ಮಾತು: “ನಾಳಿಕೆ ಈ ಪೆಟ್ಗೆ ಆಡಿದ್ರೆ ತಾಂಬೂಲ ಯಾರ್ಗ್ ಕೊಡ್ತಾರೆ?”

“ನಿನಗೇ ಕೊಡಿಸ್ತೀನಿ ಬಿಡು ಚಿಕ್ಕಮ್ಮ” ಎಂದೆ. ಮಾತು ಕೊಡುವಾಗ ನನಗೆ ಯಾವತ್ತೂ ಕಷ್ಟವಾದದ್ದಿಲ್ಲ.

ಕ್ಯಾಸೆಟ್ ಬಿಸಿ ದೋಸೆಯ ಹಾಗೆ ಖರ್ಚಾಯಿತು. ಒಂದೆರಡು ತಿಂಗಳು ಕಳೆಯುವುದರೊಳಗೆ ಯಶವಂತಪುರದ ಫುಟ್‌ಪಾತಿನಲ್ಲಿ ಅದರ ನಕಲು ಕಾಣಿಸಿತು. ಕವರಿನ ಮೇಲೆ ಯಾವಳೋ ಚೆಲುವೆಯ ಚಿತ್ರ, ಚಿಕ್ಕಮ್ಮನ ಹೆಸರೇ ಇಲ್ಲ. ನನಗೆ ಬಂದ ಸಿಟ್ಟನ್ನು ಏನು ಹೇಳಲಿ! ಕಳ್ಳನ ಮನೆಗೆ ಕಳ್ಳ ನುಗ್ಗಿದರೆ ಅವನು ಎಲ್ಲರಿಗಿಂತ ಜೋರಾಗಿ ಕೂಗುತ್ತಾನೆ. ನಾನೂ ಕಂಪನಿಯವರಂತೆಯೇ ಕ್ರಮ ಕೈಗೊಳ್ಳಲು ತೀರ್ಮಾನಿಸಿದೆ. ಚಿಕ್ಕಮ್ಮನಿಂದ ಎಲ್ಲವನ್ನೂ ಮತ್ತೆ ಹಾಡಿಸಿದೆ. ಅವಳು ಮೊದಲ ಸೊಲ್ಲನ್ನು ಎಳೆಯುತ್ತಿರುವಾಗಲೇ ಪಕ್ಕದಲ್ಲಿ ನಿಂತು ನನ್ನ ಗಡಸು ದನಿಯಲ್ಲಿ ಹೇಳಿದೆ: “ಎಚ್ಚರಿಕೆ! ಇದನ್ನು ಹಾಡಿರುವವರು ಬಾಗಲಗುಂಟೆಯ ಪುಟ್ಟಗೌರಮ್ಮನವರು. ಅವರ ಅಪ್ಪಣೆಯಿಲ್ಲದೆ ನಕಲು ಮಾಡಿದರೆ ಕಠಿಣ ಕ್ರಮ ಜರುಗಿಸಲಾಗುವುದು.” ಒಕ್ಕಣೆಯನ್ನು ಒಂದು ಕಂಪನಿಯ ಕವರಿನಿಂದಲೇ ಕದ್ದಿದ್ದೆ. ಮಾತು ಹಾಡಿನ ಮೇಲೆಯೇ ಕೂತಿದ್ದರಿಂದ ಅದನ್ನು ಕತ್ತರಿಸಿದರೆ ಹಾಡೂ ಕತ್ತರಿಸಿ ಹೋಗುತ್ತಿತ್ತು. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಕಳ್ಳರು ಆ ತೊಂದರೆಯನ್ನೇ ತೆಗೆದುಕೊಳ್ಳಲಿಲ್ಲ. ಎರಡನೆಯ ಕ್ಯಾಸೆಟ್ಟಿನ ದನಿ ಮೊದಲಿನದಕ್ಕಿಂತ ಚೊಕ್ಕಟವಾಗಿತ್ತು, ಹಾಗಾಗಿ ಎಚ್ಚರಿಕೆಯ ಸಮೇತ ಅದನ್ನೇ ನಕಲು ಮಾಡಿದರು. ಆಮೇಲೆ ನಾನು ಯಾವ ಮದುವೆಗೆ ಹೋದರೂ ಮೈಕಿನಲ್ಲಿ ಮೊದಲು ನನ್ನ ಗದರಿಕೆ, ಆಮೇಲೆ ಸೋಬಾನೆ. “ಏನ್ ಗುರು, ಇನ್ನೂ ಕ್ರಮ ಜರುಗಿಸ್ಲಿಲ್ವಾ?” ಎಂದು ಗೆಳೆಯರು ಊಟದ ಪಂಕ್ತಿಯಲ್ಲಿ ಕಿಚಾಯಿಸುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಚಿಕ್ಕಮ್ಮನ ವಿಷಯದಲ್ಲಿ ನಗುವಂಥದ್ದೇನೂ ಇರಲಿಲ್ಲ. ಪೆಟ್ಟಿಗೆಯೇ ಹಾಡುವಾಗ ಅವಳನ್ನು ಯಾರು ಕರೆಯುತ್ತಾರೆ? ವರ್ಷಕ್ಕೆ ಇಪ್ಪತ್ತು ಮನೆಯಿಂದ ಬರುತ್ತಿದ್ದ ಕರೆ ಎರಡಕ್ಕಿಳಿದು, ಕೊನೆಗೆ ನಿಂತೇಹೋಯಿತು. ಅವಳು ಬೈಯಲಿಲ್ಲ. ಹಬ್ಬಕ್ಕೆ ಹೋದಾಗ ಒಮ್ಮೆ, “ನಿನ್ ಪೆಟ್ಗೆ ಚೆಂದಾಗ್ ಆಡ್ತದೆ ಬುಡು” ಎಂದಳು. ಆ ಮಾತು ನನಗೆ ಬಹಳ ವರ್ಷ ಚುಚ್ಚಿತು. ಕೊಡಿಸುತ್ತೇನೆಂದ ತಾಂಬೂಲ ನನ್ನ ತಲೆಯ ಮೇಲೆಯೇ ಉಳಿದಿತ್ತು.

ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಅದೂ ಹೋಗಿ ಪೆನ್‌ಡ್ರೈವ್ ಬಂತು. ನನ್ನ ಅಂಗಡಿ ಝೆರಾಕ್ಸ್ ಅಂಗಡಿಯಾಯಿತು. ನಕಲು ತೆಗೆಯುವ ಕಸುಬನ್ನು ಮಾತ್ರ ಬಿಟ್ಟಿಲ್ಲ ನೋಡಿ. ಬಿಡುವಿದ್ದಾಗ ಕೂತು ಯೋಚಿಸುತ್ತೇನೆ: ನಮ್ಮ ವಚನಕಾರರಿಗೆ, ದಾಸರಿಗೆ ಈ ಸ್ಟಿಕ್ಕರ್ ಸಿಕ್ಕಿರಲಿಲ್ಲ. ಅವರು ಹಾಡಿದ್ದನ್ನು ಊರೆಲ್ಲ ಕದ್ದಿತು, ಭಿಕ್ಷೆಯವರು ಕದ್ದರು, ಭಜನೆಯವರು ಕದ್ದರು. ಅವರು ಮಾಡಿದ್ದಿಷ್ಟೇ, ಕೊನೆಯ ಸಾಲಿನಲ್ಲಿ ಒಂದು ಅಂಕಿತ ನೇಯ್ದಿಟ್ಟರು. ಅದೂ ತಮ್ಮ ಹೆಸರಲ್ಲ, ಹೆಚ್ಚಿನವರದು ತಾವು ನಂಬಿದ ದೇವರ ಹೆಸರು. ಹಾಡು ಕದ್ದವನು ಅಂಕಿತವನ್ನೂ ಹೊತ್ತುಕೊಂಡೇ ಹೋಗಬೇಕು. ಹೀಗೆ ಎಷ್ಟೋ ನೂರು ವರ್ಷಗಳ ಕಳ್ಳತನದ ದಯೆಯಿಂದ ಇವತ್ತಿಗೂ ಯಾವುದು ಯಾರದು ಎಂದು ನಮಗೆ ತಿಳಿಯುತ್ತದೆ. ಆದರೆ ಇದನ್ನು ನನ್ನ ಗದರಿಕೆಗೆ ಹೊಂದಿಸಿ ನೋಡುವಷ್ಟು ಬುದ್ಧಿ ಕಳೆದ ಮಾಘದವರೆಗೂ ನನಗೆ ಬಂದಿರಲಿಲ್ಲ.

ಮಾಘದಲ್ಲಿ ಯಲಹಂಕದ ಆಚೆ ಒಂದು ಕಲ್ಯಾಣಮಂಟಪದಲ್ಲಿ ಮದುವೆ. ಗಂಡಿನ ಕಡೆಯವರು ನನ್ನ ಹೆಂಡತಿಗೆ ನೆಂಟರು, ಹೆಣ್ಣಿನವರು ನಮಗೆ ಪೂರಾ ಅಪರಿಚಿತರು. ಚಿಕ್ಕಮ್ಮನಿಗೆ ಈಗ ಎಂಬತ್ತರ ಹತ್ತಿರ; ಬಲವಂತ ಮಾಡಿ ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಅರಿಶಿನದ ಶಾಸ್ತ್ರದ ಹೊತ್ತಿಗೆ ಸೌಂಡ್ ಸಿಸ್ಟಮ್ಮಿನವರು ಫೋನ್ ಒತ್ತಿದರು. ಎಚ್ಚರಿಕೆ! ನನ್ನದೇ ದನಿ, ಮೂವತ್ತು ವರ್ಷ ಚಿಕ್ಕದು. ನಾಚಿಕೆಯಿಂದ ತಲೆ ತಗ್ಗಿಸಿದೆ.

ಅಷ್ಟರಲ್ಲಿ ಹೆಣ್ಣಿನ ತಾಯಿ ಒಂದು ತಟ್ಟೆ ತಂದು ಸ್ಪೀಕರ್ ಪೆಟ್ಟಿಗೆಯ ಮುಂದಿಟ್ಟು, ಕೈ ಮುಗಿದು ನಿಂತರು. ಎಲೆ, ಅಡಿಕೆ, ತೆಂಗಿನಕಾಯಿ, ಬೆಲ್ಲದಚ್ಚು. ನನಗೆ ತಡೆಯಲಾಗಲಿಲ್ಲ, ಹತ್ತಿರ ಹೋಗಿ ಇದೇನೆಂದು ಕೇಳಿದೆ.

“ಹಾಡಲ್ಲೇ ಹೇಳ್ತಾರಲ್ಲ ಸರ್, ಪುಟ್ಟಗೌರಮ್ಮನವರ ಅಪ್ಪಣೆ ಬೇಕು ಅಂತ. ನಮ್ಮಮ್ಮನ ಕಾಲದಿಂದ್ಲೂ ಇದೇ ಪದ್ಧತಿ. ಅವರ ಹೆಸರಲ್ಲಿ ತಾಂಬೂಲ ಇಟ್ಟು ಅಪ್ಪಣೆ ಕೇಳ್ಕೊಂಡೇ ನಾವು ಅರಿಶಿನ ಹಚ್ಚೋದು. ನಮ್ಮ ಕಡೆ ಸುಮಾರು ಮನೇಲಿ ಹಿಂಗೇ ಮಾಡ್ತೀವಿ. ಆಮೇಲೆ ಅದನ್ನ ಇರೋರಲ್ಲಿ ಹಿರಿಯರಿಗೆ ಕೊಡ್ತೀವಿ.”

“ಪುಟ್ಟಗೌರಮ್ಮ ಅಂದ್ರೆ ಯಾರು ಗೊತ್ತಾ?”

“ಬಾಗಲಗುಂಟೆ ಕಡೆ ಗ್ರಾಮದೇವತೆ ಇರ್ಬೇಕು ಸರ್. ಅಪ್ಪಣೆ ಕೇಳ್ದಿದ್ರೆ ಕಠಿಣ ಕ್ರಮ ಜರುಗಿಸ್ತಾಳಂತಲ್ಲ!”

“ದೇವತೆ ಅಲ್ಲ ತಾಯಿ, ನಮ್ಮ ಚಿಕ್ಕಮ್ಮ. ನೋಡಿ, ಮೂರನೇ ಸಾಲಲ್ಲಿ ಕೂತಿದಾರೆ” ಎಂದು ತೋರಿಸಿದೆ. ಆಕೆ ನಂಬಲಿಲ್ಲ. ಯಾರಾದರೂ ಯಾಕೆ ನಂಬಬೇಕು? ಚಿಕ್ಕಮ್ಮನಿಗೆ ವಿಷಯ ತಿಳಿಸಿದೆ. ಅವಳು ಕೋಲೂರಿಕೊಂಡು ಎದ್ದು ಬಂದು, “ಆ ಪೆಟ್ಗೆ ಬಾಯ್ ಮುಚ್ಸು” ಎಂದು ನನಗೆ ಹೇಳಿ, ಮದುಮಗಳ ಎದುರು ಕೂತು ಸೊಲ್ಲು ಎತ್ತಿದಳು.

ದನಿ ಒಡೆದಿತ್ತು. ಎರಡನೆಯ ನುಡಿಗೆ ಉಸಿರು ಸಾಲಲಿಲ್ಲ. ಆದರೆ ಅವಳು ನಿಲ್ಲಿಸಿದಲ್ಲಿಂದ ಮಂಟಪದ ಹೆಂಗಸರು ಎತ್ತಿಕೊಂಡರು. ಎಲ್ಲರೂ ಕದ್ದ ಕ್ಯಾಸೆಟ್ಟಿನಿಂದ ಕಲಿತವರೇ. ಮೂರನೆಯ ನುಡಿಯ ನಡುವೆ ಚಿಕ್ಕಮ್ಮ ಅಂದು ನನ್ನ ಅಂಗಡಿಯಲ್ಲಿ ಎರಡನೆಯ ಸಲ ಹಾಡುವಾಗ ಕೆಮ್ಮಿದ್ದಳು. ಆ ಜಾಗ ಬಂದಾಗ ಅಷ್ಟೂ ಜನ ಒಂದು ಕ್ಷಣ ನಿಂತು, ಆಮೇಲೆ ಮುಂದುವರಿದರು. ಹೆಣ್ಣಿನ ತಾಯಿ ತಟ್ಟೆಯನ್ನು ಸ್ಪೀಕರ್ ಮುಂದಿನಿಂದ ಎತ್ತಿ ತಂದು, ಎಲ್ಲರೆದುರು, ತಾವೇ ಚಿಕ್ಕಮ್ಮನ ಕೈಗಿಟ್ಟು ನಮಸ್ಕಾರ ಮಾಡಿದರು. ಆವತ್ತು ನನಗಾದಷ್ಟು ಹೆಮ್ಮೆ ಮದುಮಗಳ ತಂದೆಗೂ ಆಗಿರಲಿಕ್ಕಿಲ್ಲ.

ವಾಪಸು ಬರುವಾಗ ಹೆಬ್ಬಾಳದ ಹತ್ತಿರ ನಮ್ಮ ಆಟೋ ಎಂದಿನಂತೆ ಟ್ರಾಫಿಕ್ಕಿನಲ್ಲಿ ನಿಂತಿತು. ಚಿಕ್ಕಮ್ಮ ಮಡಿಲಲ್ಲಿದ್ದ ತಟ್ಟೆಯಿಂದ ಎಲೆ ತೆಗೆದು ಸೆರಗಿನಲ್ಲಿ ಒರೆಸುತ್ತಾ, “ನಾ ಓಗ್ದೇ ಇದ್ರೂವೆ ಅಷ್ಟೂ ಮನೇಲಿ ನನ್ ತಾಂಬೂಲ ಇಟ್ಟವ್ರೆ ಕಣ್ಲಾ” ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. “ಅಪ್ಪಣೆ ಅಪ್ಪಣೆ ಅಂತ ಊರಿಗೆಲ್ಲ ಕೇಳಂಗೆ ಅರಚ್ದಲ್ಲ, ನೀನ್ ಕೇಳಿದ್ಯೇನ್ಲಾ ನನ್ನ?”

ನಾನು ನೆನಪು ಮಾಡಿಕೊಂಡೆ. ಮಣೆ ಹಾಕಿದ್ದೆ, ಅರಿಶಿನ ತಂದಿದ್ದೆ, ತಾಂಬೂಲದ ಮಾತು ಕೊಟ್ಟಿದ್ದೆ. ಅಪ್ಪಣೆ ಮಾತ್ರ ಕೇಳಿರಲಿಲ್ಲ.

“ಈಗ ಕೇಳ್ತೀನಿ. ಅಪ್ಪಣೆಯಾ ಚಿಕ್ಕಮ್ಮ?” ಎಂದೆ.

ಅವಳು ಮೊದಲು ತನ್ನ ಬಾಯಿಗೆ ಎಲೆಯಡಿಕೆ ಹಾಕಿಕೊಂಡಳು. ಆಮೇಲೆ ಇನ್ನೊಂದು ಎಲೆಗೆ ಸೊಂಟದ ಚೀಲದಲ್ಲಿದ್ದ ಸುಣ್ಣ ಸವರಿ, ಅಡಿಕೆಯಿಟ್ಟು, ಮಡಿಚಿ ನನ್ನ ಕೈಗೆ ಕೊಟ್ಟಳು.