ನನ್ನ ಕಾರಿಗೆ ಮಾವ ಹಾಕಿಸಿದ ಬಂಪರ್

ಮದುವೆಯ ಮಾತುಕತೆಯಲ್ಲಿ ಪಪ್ಪಾ ಬೀಗರಿಂದ ಕೇಳಿದ್ದು ಒಂದೇ ಮಾತು. "ಗಾಡಿ ಅಕಿದು. ಅಕಿ ತಾನ ನಡಸಿಕೊಂಡು ಮನಸ್ಸು ಬಂದಾಗ ತವರಿಗೆ ಬರಬೇಕು. ಯಾರೂ ಬ್ಯಾಡ ಅನ್ನಬಾರದು ನೋಡ್ರಿ."

ನನ್ನ ಮಾವನವರಾಗಲಿದ್ದ ಹಿರಿಯರು ಎಲ್ಲರ ಮುಂದೆ ಸಕ್ಕರೆ ಬಾಯಿಗೆ ಹಾಕಿಕೊಂಡು, "ಆತ್ರಿ ಬೀಗರ. ನಮ್ಮ ಮನ್ಯಾಗ ಯಾರೂ ಬ್ಯಾಡ ಅನ್ನಂಗಿಲ್ಲ" ಎಂದರು. ಹಾಗೆ ಸಕ್ಕರೆ ತಿಂದು ಆಡಿದ ಮಾತನ್ನು ನಮ್ಮ ಕಡೆ ಸ್ಟ್ಯಾಂಪ್ ಪೇಪರಿಗಿಂತ ಗಟ್ಟಿ ಎಂದು ತಿಳಿಯುತ್ತಾರೆ. ಒಳಕೋಣೆಯ ಬಾಗಿಲ ಸಂದಿಯಿಂದ ಕೇಳುತ್ತಿದ್ದ ನನಗೆ ಆ ಮಾತೇ ಮದುವೆ ಆದ ಹಾಗೆ ಅನ್ನಿಸಿತ್ತು. ಹುಡುಗನ ಮುಖವನ್ನು ಸರಿಯಾಗಿ ನೋಡಿರಲೇ ಇಲ್ಲ.

ಪಪ್ಪಾ ರಾಯಚೂರಿನಲ್ಲಿ ಡಾಕ್ಟರು. ನಿಜಾಮರ ಕಾಲದ ಒಬ್ಬ ಆಫೀಸರು ಊರು ಬಿಡುವಾಗ ಕೊಟ್ಟುಹೋದ ಹಳೇ ವಿಲಾಯತಿ ಕಾರು ಅವರದು. ಹಿಂದೆ ಮುಂದೆ ಕ್ರೋಮ್ ಬಂಪರು, ಅದರ ಮೇಲೆ ಕರುವಿನ ಕೊಂಬಿನಂಥ ಎರಡು ಮೊಳಕೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಪಿಯಾನೋ, ಎಂಬ್ರಾಯ್ಡರಿ, ಟೇಬಲ್ ಮ್ಯಾನರ್ಸ್ ಎಲ್ಲ ಕಲಿಸಿದರು. ಕಾರು ಕಲಿಸಿದ್ದು ಮಾತ್ರ ಪಪ್ಪಾ, ಯಾಪಲದಿನ್ನಿಯ ರಸ್ತೆಯಲ್ಲಿ, ಭಾನುವಾರದ ಬೆಳಗುಗಳಲ್ಲಿ. "ಜೆಂಟ್ಲಿ, ಬೇಬಿ, ಜೆಂಟ್ಲಿ. ಸ್ಟೇರಿಂಗ್ ಅಂದ್ರ ಹೂವು ಹಿಡಿದಂಗ ಹಿಡೀಬೇಕು." ಮನೆಗೆ ಬಂದು ಇಬ್ಬರೂ ಬಂಪರನ್ನು ಪೇಪರಿನಿಂದ ಉಜ್ಜುತ್ತಿದ್ದೆವು. ಅದರಲ್ಲಿ ನನ್ನ ಮುಖ ಕುಂಬಳಕಾಯಿಯಂತೆ ಅಗಲವಾಗಿ ಕಾಣುತ್ತಿತ್ತು. ಪಪ್ಪಾನ ಮುಖವೂ ಪಕ್ಕಕ್ಕೆ ಬಂದು ಕೂತಿತೆಂದರೆ ಇಬ್ಬರಿಗೂ ನಗು ತಡೆಯುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವೆ ಆ ಕಾರನ್ನು ನಾನೇ ನಡೆಸಿಕೊಂಡು ಮಾನ್ವಿಗೆ ಸೊಸೆಯಾಗಿ ಹೋದೆ. ಮೊದಮೊದಲು ಎಲ್ಲವೂ ಸ್ವೀಟ್ ಆಗಿತ್ತು. ವಾರಕ್ಕೊಮ್ಮೆ ರಾಯಚೂರಿಗೆ ಹೋಗುತ್ತಿದ್ದೆ, ಸಂಜೆಯೊಳಗೆ ತಿರುಗಿ ಬರುತ್ತಿದ್ದೆ. ಗಂಡ ಪಕ್ಕದಲ್ಲಿ ಕೂತು ನಿದ್ದೆ ಹೊಡೆಯುತ್ತಿದ್ದರು. ಮಾವ ಕಟ್ಟೆಯ ಮೇಲಿಂದ ನೋಡುತ್ತಿದ್ದರು, ಏನೂ ಅನ್ನುತ್ತಿರಲಿಲ್ಲ.

ಕೆಟ್ಟದ್ದು ದೇವದುರ್ಗದಲ್ಲಿ. ಮಾವನ ತಂಗಿಯ ಬಸುರಿ ಮಗಳ ಕುಬಸಕ್ಕೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೋಗಿದ್ದೆ. ಮುಂದಿನ ಸೀಟಿನಲ್ಲಿ ರುಮಾಲು ಸುತ್ತಿಕೊಂಡು ಮಾವ. ಬಜಾರಿನ ಚಹಾ ಹೋಟೆಲಿನ ಮುಂದೆ ಎಮ್ಮೆಯೊಂದು ಅಡ್ಡ ಬಂದು, ಬಂಪರಿನ ತುದಿ ತಾಗಿ ಸ್ವಲ್ಪ ಬಗ್ಗಿತು. ಎಮ್ಮೆ ಬಾಲ ಬೀಸಿ ಹೋಯಿತು. ಹೋಟೆಲಿನ ಬೆಂಚಿನಿಂದ ಒಬ್ಬರು ಗಟ್ಟಿಯಾಗಿ ಕೂಗಿದರು.

"ಏನ್ರೀ ಗೌಡ್ರ, ನಿಮ್ಮ ಡ್ರೈವರ್ ಸೀರಿ ಉಡ್ತಾನೇನು?"

ಇನ್ನೊಬ್ಬರು, "ಸುಮ್ಮನಿರೋ ಲೇ, ಗೌಡ್ರಿಗೇ ಬಳಿ ಇಡಿಸ್ಯಾಳೇನು ನೋಡು" ಎಂದರು. ಬೆಂಚು ಬೆಂಚೇ ನಕ್ಕಿತು. ಮಾವನೂ ನಕ್ಕರು. ಆದರೆ ತೊಡೆಯ ಮೇಲಿದ್ದ ಅವರ ಕೈ ನೋಡಿದ್ದೆ ನಾನು. ಧೋತರದ ಅಂಚನ್ನು ಹಿಡಿದು ತಿರುವುತ್ತಿತ್ತು, ಕೋಳಿಯ ಕುತ್ತಿಗೆ ತಿರುವಿದಂತೆ.

ಆ ವಾರವೇ, "ಬಂಪರ್ ಬಗ್ಗಿದ್ದು ಛೊಲೋ ಅಲ್ಲ, ಗಟ್ಟಿದು ಹಾಕಿಸೋಣು, ನಿನ್ನ ಸೇಫ್ಟಿ ನೋಡಬೇಕಲ್ಲ" ಎಂದು ನನ್ನನ್ನೂ ಕರೆದುಕೊಂಡು ರಾಯಚೂರಿಗೆ ಹೊರಟರು. ಸ್ಟೇಷನ್ ಕಡೆಯ ಒಂದು ವರ್ಕ್‌ಶಾಪು. ನನ್ನನ್ನು ಒಳಗೆ ಕುರ್ಚಿಯಲ್ಲಿ ಕೂಡಿಸಿ ಚಹಾ ಕೊಡಿಸಿದರು. ತಗಡಿನ ಗೋಡೆ, ಆಚೆಯ ಮಾತು ಒಂದೂ ಬಿಡದೆ ಕೇಳುತ್ತಿತ್ತು.

ಎರಡು ಚಾನಲ್ ಕಬ್ಬಿಣ ಎದುರುಬದುರು ಬೆಸೆದು ಡಬ್ಬಿ ಮಾಡಬೇಕು, ಒಳಗೆ ಸಿಮೆಂಟ್ ತುಂಬಬೇಕು, ಇದು ಮಾವನ ಆರ್ಡರು.

"ಅರೇ ಸಾಬ್, ಇಷ್ಟು ವಜನ್ ಮುಂದ ಹಾಕಿದ್ರ ಸ್ಟೇರಿಂಗ್ ತಿರುವಾಕ ಪೈಲ್ವಾನ ಬೇಕಾಗ್ತಾನ" ಎಂದ ಮಿಸ್ತ್ರಿ.

"ನಮ್ಮ ಮನ್ಯಾಗ ಗಂಡಸರಿಗೇನು ಬರ ಅದ?"

"ಮತ್ತ ಬಾಯಿಸಾಬ್ ನಡಸ್ತಾರಲ್ರೀ?"

"ನಡಸ್ಲಿ. ಬ್ಯಾಡ ಅಂತ ನಾ ಅಂದಿಲ್ಲ. ಅನ್ನಂಗೂ ಇಲ್ಲ, ಸಕ್ಕರಿ ತಿಂದೀನಿ. ನೀ ಸಿಮೆಂಟ್ ಹಾಕು."

ಮಿಸ್ತ್ರಿ ನಕ್ಕ. ಮಾವ ಜೊತೆಗೂಡಿದರು. ಇಬ್ಬರು ಹಳೇ ಗೆಳೆಯರು ನಕ್ಕಂತಿತ್ತು. ಚಹಾದ ಕಪ್ಪನ್ನು ನಾನು ಸಾಸರಿನ ಮೇಲೆ ಸದ್ದಾಗದಂತೆ ಇಟ್ಟೆ. ಟೇಬಲ್ ಮ್ಯಾನರ್ಸ್.

ಮನೆಗೆ ಬಂದು ಗಂಡನಿಗೆ ಹೇಳಿದೆ. "ನಿನಗ ಬರೇ ಡೌಟು. ಅಪ್ಪ ನಿನ್ನ ಸಲುವಾಗಿ ಮಾಡಿಸ್ಯಾನ" ಎಂದು ಮಗ್ಗುಲಾದರು. ಮಹಾನವಮಿಗೆ ಆಯುಧಪೂಜೆ ಬಂತು. ಮಾವ ಕುಡುಗೋಲು, ನೇಗಿಲುಗಳ ಪೂಜೆ ತಾವು ಮುಗಿಸಿ, ಓಣಿಯ ಜನರ ಮುಂದೆ ಆರತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. "ಗಾಡಿ ನಿಂದವ್ವಾ. ಪೂಜಿ ನೀನ ಮಾಡು." ಆ ಕಪ್ಪು ಕಬ್ಬಿಣದ ತೊಲೆಗೆ ವಿಭೂತಿ ಬಳಿದೆ, ಕುಂಕುಮ ಇಟ್ಟೆ, ಚೆಂಡುಹೂವಿನ ಮಾಲೆ ಹಾಕಿದೆ. ಕಾಯಿಯನ್ನು ಅದರ ಮೇಲೆಯೇ ಕುಕ್ಕಿದೆ. ಒಂದೇ ಏಟಿಗೆ ಎರಡು ಹೋಳು. "ಏನು ಗಟ್ಟಿ ಅದ!" ಎಂದು ಓಣಿಯ ಹೆಂಗಸರು ಬಾಯಿ ತೆರೆದರು.

ಹಳೇ ಕ್ರೋಮ್ ಬಂಪರನ್ನು ಮಾವ ಎಸೆಯಲಿಲ್ಲ. ದನದ ಕೊಟ್ಟಿಗೆಯಲ್ಲಿ ಎರಡು ಕಂಬದ ನಡುವೆ ಅಡ್ಡ ಬಿಗಿಸಿ ಎಮ್ಮೆ ಕಟ್ಟಿಸಿದರು.

ಸ್ಟೇರಿಂಗ್ ಹೂವಾಗಿ ಉಳಿದಿರಲಿಲ್ಲ. ಕಾರು ನೇರ ಹೋಗುತ್ತಿತ್ತು. ತಿರುವು ಬಂದರೆ ಸೀಟಿನಿಂದ ಎದ್ದು, ಎದೆಯನ್ನು ಚಕ್ರಕ್ಕೆ ಒತ್ತಿ ಎಳೆಯಬೇಕಿತ್ತು. ಅಂಗೈಯಲ್ಲಿ ಬೊಬ್ಬೆ ಬಂದವು. ರಾತ್ರಿ ರೊಟ್ಟಿ ಬಡಿಯುವಾಗ ಹಿಟ್ಟಿನ ಉಪ್ಪು ತಾಗಿ ಉರಿಯುತ್ತಿತ್ತು. ಆದರೂ ಬಿಡಲಿಲ್ಲ. ಬಿಟ್ಟರೆ ಅವರು ಗೆದ್ದ ಹಾಗೆ. ಕಟ್ಟೆಯ ಮೇಲಿಂದ ಮಾವ ದಿನಾ ಕೇಳುತ್ತಿದ್ದರು, "ತವರಿಗೆ ಹೋಗಂಗಿಲ್ಲೇನು? ಹೋಗವ್ವಾ, ಯಾರು ಬ್ಯಾಡ ಅಂತಾರ?"

ನೀರಮಾನ್ವಿಯ ಹತ್ತಿರ, ಒಂದು ಮಧ್ಯಾಹ್ನ, ರಸ್ತೆ ದಾಟುತ್ತಿದ್ದ ಕುರಿಹಿಂಡು. ಹಿಂಡಿನ ಹಿಂದೆ ಕಂಬಳಿ ಹೊದ್ದ ಹೆಂಗಸು. ಬದಿಗೆ ಜಾಗ ಬೇಕಾದಷ್ಟಿತ್ತು. ಹಾರನ್ ಒತ್ತಿದೆ, ಬ್ರೇಕ್ ತುಳಿದೆ, ಎರಡೂ ಕೈಯಿಂದ ಚಕ್ರವನ್ನು ಎಳೆದೆ. ಕಾರು ತಿರುಗಲಿಲ್ಲ. ಭಾರಕ್ಕೆ ಬ್ರೇಕೂ ಜಾರಿತು. ಗಬ್ಬದ ಕುರಿಯೊಂದು ಆ ಕಬ್ಬಿಣದ ಕೆಳಗೆ ಹೋಯಿತು.

ಆಕೆ ಓಡಿಬಂದಳು. ಕುರಿಯ ಹೊಟ್ಟೆಯ ಮೇಲೆ ಕೈಯಿಟ್ಟು, ಒಳಗೆ ಅಲುಗುವುದು ನಿಲ್ಲುವವರೆಗೂ ಕುಕ್ಕರಗಾಲಲ್ಲಿ ಕೂತಿದ್ದಳು. ಆಮೇಲೆ ನನ್ನನ್ನು ನೋಡಿ ಕೇಳಿದಳು.

"ಇಷ್ಟು ಜಾಗ ಇತ್ತು. ಕೈ ತಿರುವಬಾರದೇನ ಯವ್ವಾ?"

ಕೈ ತಿರುವಿದ್ದೆ ಎಂದು ಹೇಳಬೇಕೆಂದುಕೊಂಡೆ. ಬಾಯಿಗೆ ಬಂದದ್ದು "ಸಾರಿ" ಎಂಬ ಇಂಗ್ಲಿಷ್ ಶಬ್ದ. ಅದು ಆಕೆಗೆ ತಿಳಿಯಲಿಲ್ಲ. ಬಂಪರಿಗೆ ಒಂದು ಗೀಟೂ ಬಿದ್ದಿರಲಿಲ್ಲ.

ಸಂತೆಯಲ್ಲಿ ಮಾವ ಅದನ್ನೇ ಹೇಳಿಕೊಂಡು ತಿರುಗಿದರು. "ಹಳೇದು ಇದ್ದಿದ್ರ ಸೊಸಿನ ಕಳಕೋತಿದ್ವಿ. ಹೆಣ್ಣುಮಕ್ಕಳ ಕೈಯಾಗ ಗಾಡಿ, ನಾವರ ಏನು ಮಾಡೋಣು? ಬ್ಯಾಡ ಅನ್ನಾಕ ಬರಂಗಿಲ್ಲ."

ಸುದ್ದಿ ರಾಯಚೂರಿಗೆ ಮುಟ್ಟಿ ಪಪ್ಪಾ ಬಸ್ಸು ಹಿಡಿದು ಬಂದರು. ಬಂದವರು ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಕೊಟ್ಟಿಗೆಯಲ್ಲಿ ಸಗಣಿ ಹತ್ತಿದ ಕ್ರೋಮನ್ನು ಕಂಡು ಕರ್ಚೀಫಿನಿಂದ ಒಂದಿಷ್ಟು ಒರೆಸಿದರು. ನಾನು ಕೀಲಿಯನ್ನು ಅವರ ಕೈಗಿಟ್ಟೆ. "ಪಪ್ಪಾ, ಒಂದ್ ರೌಂಡ್ ಹೋಗಿ ಬರ್ರಿ. ಪ್ಲೀಸ್."

ಅವರೊಬ್ಬರೇ ಕೂತು ಹೊರಟರು. ಓಣಿಯ ತುದಿಯ ತಿರುವಿನಲ್ಲಿ ಕಾರು ನಿಂತಿತು. ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಕಿಟಕಿಯೊಳಗಿಂದ ಅವರ ಭುಜ ಸೀಟಿನಿಂದ ಮೇಲೇಳುವುದು ಕಂಡಿತು. ನನ್ನೆದೆ ಹಗುರಾಯಿತು. ಇನ್ನು ಹೇಳಬೇಕಾದ್ದೇ ಇಲ್ಲ, ಅವರ ಕೈಗೇ ಗೊತ್ತಾಯಿತು ಎಂದುಕೊಂಡೆ.

ಹೌದು, ಗೊತ್ತಾಗಿತ್ತು. ಇಳಿದು ಬಂದವರ ಅಂಗೈ ಕೆಂಪಾಗಿದ್ದವು. ಅದೇ ಸಗಣಿಯ ಕರ್ಚೀಫಿನಿಂದ ಕೈ ಒರೆಸಿಕೊಳ್ಳುತ್ತಾ ಮಾವನ ಮುಂದೆ ನಿಂತರು. ಮಾವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಕಾದರು. ನಾನೂ ಕಾದೆ.

"ಭಾಳ ಗಟ್ಟಿ ಹಾಕಿಸೀರಿ ಬೀಗರ" ಎಂದರು ಪಪ್ಪಾ. "ಮಗಳ ಬಗ್ಗೆ ನನಗಿನ್ನ ಚಿಂತಿ ಇಲ್ಲ."

ನನ್ನ ಕಡೆ ತಿರುಗಿ, ಬೇರೆಯವರಿಗೆ ತಿಳಿಯದಿರಲೆಂದು ಇಂಗ್ಲಿಷಿನಲ್ಲಿ, "ಲೆಟ್ ಎ ಡ್ರೈವರ್ ಟೇಕ್ ಯೂ, ಬೇಬಿ. ಡೋಂಟ್ ಮೇಕ್ ಎ ಸೀನ್" ಎಂದರು. ಕಣ್ಣು ಮಾತ್ರ ನನ್ನ ಮೇಲಿರಲಿಲ್ಲ.

ಊಟವಾದ ಮೇಲೆ ಮಾವ ಎಲೆ ಮಡಚುತ್ತಾ, "ಹೋಗವ್ವಾ, ನಿಮ್ಮಪ್ಪನ್ನ ಬಸ್ ಸ್ಟ್ಯಾಂಡಿಗಿ ಬಿಟ್ಟು ಬಾ" ಎಂದರು. ಪಪ್ಪಾ ತಟ್ಟನೆ, "ಬ್ಯಾಡ್ರಿ, ನಡಕೋತ ಹೋಗ್ತೀನಿ" ಎಂದು ಚಪ್ಪಲಿ ಮೆಟ್ಟಿದರು. ನಮ್ಮ ಮನೆಯಲ್ಲಿ ಆ ಗಾಡಿಗೆ "ಬ್ಯಾಡ" ಅಂದದ್ದು ಆ ಒಂದೇ ಸಲ, ಅದೂ ಪಪ್ಪಾ.

ಅವರು ಓಣಿ ದಾಟಿದ ಮೇಲೆ ನಾನು ಕೀಲಿಯನ್ನು ಮಾವನ ಎಲೆಅಡಿಕೆ ತಟ್ಟೆಯ ಪಕ್ಕದಲ್ಲಿಟ್ಟೆ. ಅವರು ಮುಟ್ಟಲಿಲ್ಲ.

"ನನಗ್ಯಾಕ? ಗಾಡಿ ನಿಂದ ಅದ. ಮೊಳಿಗಿ ಹಾಕು."

ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದೆ. ತವರಿಗೆ ಹೋಗಬೇಕಾದಾಗಲೆಲ್ಲ ಮಾವ ಗೊತ್ತುಮಾಡಿದ ಡ್ರೈವರ್ ಬಂದು ನನ್ನನ್ನು "ಕೀಲಿ ತಗೊಳ್ಳಲೇನ್ರೀ?" ಎಂದು ಕೇಳಿ ಅಲ್ಲಿಂದ ತೆಗೆದುಕೊಳ್ಳುತ್ತಿದ್ದ. ಹಾಗೆ ಕೇಳಬೇಕೆಂದು ಮಾವನ ಅಪ್ಪಣೆಯಾಗಿತ್ತು. ಅವರು ತೀರಿಕೊಂಡಾಗ, ಎಂಬತ್ತರ ದಶಕ ಮುಗಿಯುತ್ತಿತ್ತು, ಅಂಗಳದಲ್ಲಿ ಕೂತ ಹಿರಿಯರೆಲ್ಲ ಒಂದೇ ಮಾತು ಆಡಿದರು. ಏನೇ ಅನ್ರಿ, ಕೊಟ್ಟ ಮಾತಿಗೆ ತಪ್ಪಿದ ಮನುಷ್ಯ ಅಲ್ಲ. ನಾನು ತಲೆ ಮೇಲೆ ಸೆರಗು ಎಳೆದುಕೊಂಡು, ಹೌದೆಂದು ತಲೆಯಾಡಿಸಿದೆ.