ಮೇಜಕ್ಕ ಮಲಗಿಸಿದ ಫಲಕ

ಆ ದೊಡ್ಡ ಸಭಾಂಗಣದಲ್ಲಿ ನೂರ ಅರವತ್ತೆರಡು ಮೇಜುಗಳಿದ್ದವು. ಅಷ್ಟನ್ನೂ ದಿನಕ್ಕೆ ಮೂರು ಸಲ ಒರೆಸುತ್ತಿದ್ದ ಹೆಂಗಸನ್ನು ಎಲ್ಲರೂ ಮೇಜಕ್ಕ ಎಂದೇ ಕರೆಯುತ್ತಿದ್ದರು. ಅವಳ ನಿಜವಾದ ಹೆಸರು ಗುತ್ತಿಗೆಯ ಕಾಗದದಲ್ಲಿತ್ತು. ಆ ಕಾಗದವನ್ನು ವರ್ಷಕ್ಕೊಮ್ಮೆ ಮ್ಯಾನೇಜರು ಮಾತ್ರ ಓದುತ್ತಿದ್ದರು. ಹತ್ತೊಂಬತ್ತು ವರ್ಷಗಳಿಂದ ಅವಳು ಹಂಗಾಮಿ ಕೆಲಸದವಳು. ಈ ಸಲ ಕಾಗದದ ಅವಧಿ ಮುಗಿಯುವ ಮೊದಲೇ ಮ್ಯಾನೇಜರು ಎಚ್ಚರಿಸಿದ್ದರು.

“ನೋಡಮ್ಮ, ಒರೆಸೋ ಯಂತ್ರ ಬರ್ತಾ ಇದೆ. ನಿಮ್ಮಿಬ್ಬರಲ್ಲಿ ಒಬ್ಬರನ್ನ ಇಟ್ಕೋತೀನಿ. ಈ ಸಮ್ಮೇಳನದಲ್ಲಿ ನಿನ್ನ ಮೇಲೆ ಒಂದು ದೂರು ಬಂದ್ರೂ ಯಂತ್ರಾನೇ ಗಟ್ಟಿ.”

ಸಮ್ಮೇಳನ ಅಣುಬಾಂಬಿನದು. ನಾಲ್ಕು ವಾರ ನಡೆಯುವಂಥದ್ದು. ಅಲ್ಲಿ ಏನು ನಡೆಯುತ್ತದೆಂದು ಅತ್ತೆ ಕೇಳಿದಾಗ ಮೇಜಕ್ಕ ತನಗೆ ತಿಳಿದಷ್ಟನ್ನು ಹೇಳಿದ್ದಳು.

“ಬಾಂಬು ಇದ್ದೋರು ಇಲ್ಲದೋರಿಗೆ ‘ನೀವು ಮಾಡ್ಕೋಬೇಡಿ’ ಅಂತಾರೆ ಅತ್ತೆ. ಇಲ್ಲದೋರು ‘ಸರಿ, ನಿಮ್ಮದನ್ನ ಯಾವಾಗ ಕಡಿಮೆ ಮಾಡ್ತೀರಿ?’ ಅಂತಾರೆ. ಆಗ ಇದ್ದೋರು ನೀರು ಕುಡೀತಾರೆ. ನಾನು ಹೋಗಿ ಲೋಟ ತುಂಬಿಸ್ತೀನಿ.”

“ಹೇಳೋದು ಶಾಸ್ತ್ರ, ಹಾಕೋದು ಗಾಳ,” ಎಂದಳು ಅತ್ತೆ. “ನಿನ್ನ ಗಂಡ ಬಾಯಲ್ಲಿ ಸಿಗರೇಟು ಇಟ್ಕೊಂಡು ಮಗನಿಗೆ ಬುದ್ಧಿ ಹೇಳ್ತಾನಲ್ಲ, ಹಾಗೆ.”

ಬಸ್ಸು ಓಡಿಸುವ ಗಂಡ ಏನೂ ಕೇಳಿಸದವನಂತೆ ಕಿಟಕಿಯ ಕಡೆ ತಿರುಗಿ ಹೊಗೆ ಬಿಟ್ಟ.

ಸಭಾಂಗಣದಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಮೇಜಿನ ಮೇಲೂ ಆಯಾ ದೇಶದ ಹೆಸರಿನ ಉದ್ದನೆಯ ಫಲಕ ಅಡ್ಡಡ್ಡಲಾಗಿ ಮಲಗಿರುತ್ತಿತ್ತು. ಮಾತಾಡಬೇಕೆಂದರೆ ಅದನ್ನು ನೆಟ್ಟಗೆ ನಿಲ್ಲಿಸಬೇಕು. ನಿಂತ ಫಲಕಗಳನ್ನು ನೋಡಿ ಕಾರ್ಯದರ್ಶಿ ಪಟ್ಟಿ ಬರೆದುಕೊಳ್ಳುತ್ತಿದ್ದರು. ಊಟದ ಗಂಟೆ ಹೊಡೆದ ಮೇಲೆ ಮೇಜಕ್ಕ ಬಂದು ಎಲ್ಲ ಫಲಕಗಳನ್ನೂ ಮಲಗಿಸಿ ಮೇಜು ಒರೆಸುತ್ತಿದ್ದಳು. ಪಟ್ಟಿ ಕಾರ್ಯದರ್ಶಿಯ ಕೈಯಲ್ಲಿ ಭದ್ರವಾಗಿರುವಾಗ ಫಲಕ ನಿಂತರೇನು, ಮಲಗಿದರೇನು?

ಕೊನೆಯ ದಿನ ಹೊಸ ಒಪ್ಪಂದದ ಕರಡು ಸಿದ್ಧವಾಯಿತು. ಬಾಂಬು ಇರುವ ದೇಶಗಳು ತಮ್ಮಲ್ಲಿ ಎಷ್ಟಿವೆಯೆಂದು ವರ್ಷವರ್ಷವೂ ಹೇಳಬೇಕು, ಹೊರಗಿನವರು ಬಂದು ನೋಡಲು ಬಾಗಿಲು ತೆರೆಯಬೇಕು ಎಂದು ಅದರಲ್ಲಿತ್ತು. ಅಲ್ಲಿ ಎಲ್ಲವೂ ಸರ್ವಸಮ್ಮತಿಯಿಂದಲೇ ಆಗಬೇಕು. ಒಬ್ಬರು ಬೇಡವೆಂದರೂ ನಾಲ್ಕು ವಾರದ ಶ್ರಮ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗೆ.

ಮೂರನೇ ಸಾಲಿನಲ್ಲಿ ಒಬ್ಬ ಪ್ರತಿನಿಧಿ ಕೂರುತ್ತಿದ್ದರು. ಮಾತಿಗೆ ಮೊದಲು ಎರಡು ಸಲ ಕೆಮ್ಮುತ್ತಿದ್ದರಿಂದ ಮೇಜಕ್ಕನ ಪಾಲಿಗೆ ಅವರು ಕೆಮ್ಮಿನ ಸಾಹೇಬರು. ತಾನು ಒರೆಸಲು ಬಂದರೆ ಲೋಟವನ್ನು ತಾವೇ ಎತ್ತಿ ಹಿಡಿಯುತ್ತಿದ್ದ ಒಬ್ಬರೇ ಒಬ್ಬರು. ಆಕ್ಷೇಪಿಸಬೇಕೆಂದು ಅವರ ಸರ್ಕಾರ ಅಪ್ಪಣೆ ಕೊಟ್ಟಿತ್ತು. ಅದು ಬಂದಾಗ ಊಟದ ಗಂಟೆ ಹೊಡೆದಾಗಿತ್ತು, ಕಾರ್ಯದರ್ಶಿ ಪಟ್ಟಿ ಮಡಚಿಕೊಂಡು ತಟ್ಟೆ ಹಿಡಿಯಲು ಓಡಿದ್ದರು. ಊಟ ಮುಗಿಸಿ ಬಂದಾಗ ಮೊದಲ ಸರದಿ ತಮ್ಮದೇ ಆಗಲೆಂದು ಸಾಹೇಬರು ಫಲಕ ನಿಲ್ಲಿಸಿ ಹೋದರು.

ಮೇಜಕ್ಕ ಬಂದಳು, ಮಲಗಿಸಿದಳು, ಒರೆಸಿದಳು, ಹೋದಳು.

ಊಟವಾದ ಮೇಲೆ ಅಧ್ಯಕ್ಷರು ಸಭೆಯತ್ತ ಕಣ್ಣು ಹಾಯಿಸಿದರು. ಒಂದು ಫಲಕವೂ ನಿಂತಿರಲಿಲ್ಲ. ಅವರಿಗೆ ತಮ್ಮ ಕಣ್ಣನ್ನೇ ನಂಬಲಾಗಲಿಲ್ಲ. ಈ ಭಾಗ್ಯ ಜಾರುವ ಮೊದಲೇ ಹಿಡಿದುಕೊಳ್ಳಬೇಕೆಂದು “ಆಕ್ಷೇಪವಿದೆಯೇ, ಇಲ್ಲ, ಅಂಗೀಕಾರವಾಯಿತು” ಎಂದು ಒಂದೇ ಉಸಿರಿನಲ್ಲಿ ಹೇಳಿ ಸುತ್ತಿಗೆ ಬಡಿದರು.

ಸಭೆ ಎದ್ದು ನಿಂತಿತು. ಆರು ವರ್ಷಗಳಿಂದ ಮುಖ ನೋಡದಿದ್ದ ಇಬ್ಬರು ರಾಯಭಾರಿಗಳು ತಬ್ಬಿಕೊಂಡರು. ಅಷ್ಟರಲ್ಲಿ ಕೆಮ್ಮಿನ ಸಾಹೇಬರು ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಅವರ ಮಂತ್ರಿಗಳು ಫೋನಿನಲ್ಲಿ “ಆಕ್ಷೇಪಿಸೋಕೆ ಮರೀಬೇಡಿ” ಎಂದು ಇಪ್ಪತ್ತು ನಿಮಿಷ ಹೇಳುತ್ತಲೇ ಇದ್ದುದರಿಂದ ತಡವಾಗಿತ್ತು. ಯಾರೋ ಅವರನ್ನೂ ತಬ್ಬಿಕೊಂಡು “ಅಭಿನಂದನೆ!” ಎಂದರು.

“ಏತಕ್ಕೆ?” ಎಂದು ಕೇಳಿ ಅವರು ತಮ್ಮ ಮೇಜು ನೋಡಿದರು. ಕೆಮ್ಮುವುದನ್ನೂ ಮರೆತು ಕೂಗಿಕೊಂಡರು. “ನನ್ನ ಫಲಕ ಮಲಗಿಸಿದ್ದು ಯಾರು?”

ಅಲ್ಲಿಗೆ ಹಬ್ಬಿದ್ದ ನಗು ಹಾಗೆಯೇ ಒಣಗಿತು. ಸಭಾಂಗಣದ ಕ್ಯಾಮೆರಾ ನೋಡೋಣವೆಂದರೆ, ಅದರ ಚಿತ್ರವನ್ನು ಯಾರು ನೋಡಬೇಕೆಂದು ಒಮ್ಮತ ಬಾರದೆ ಹನ್ನೊಂದು ವರ್ಷಗಳ ಹಿಂದೆಯೇ ಅದಕ್ಕೆ ಬಟ್ಟೆ ಹೊದಿಸಿದ್ದರು. ಅನುಮಾನ ಮೇಜಿನಿಂದ ಮೇಜಿಗೆ ಹಾರಿತು. ಕೊನೆಗೆ ಸಾಹೇಬರ ಸರ್ಕಾರವೇ ಅವರನ್ನು ಅನುಮಾನಿಸಿತು. ‘ನೀವೇ ಬೇಕೆಂದು ಮಲಗಿಸಿದ್ದೀರಿ, ಕೂಡಲೇ ಊರಿಗೆ ಬನ್ನಿ’ ಎಂಬ ಸಂದೇಶ ಬಂತು.

ಮ್ಯಾನೇಜರು ಮೇಜಕ್ಕನನ್ನು ಸ್ಟೋರು ಕೋಣೆಗೆ ಎಳೆದುಕೊಂಡು ಹೋದರು.

“ನೀನೇ ಅಲ್ವಾ?”

“ಹೂಂ ಸಾರ್.”

“ಬಾಯಿಗೆ ಬೀಗ ಹಾಕ್ಕೋ. ಗಾಳಿಗೆ ಬಿತ್ತು ಅನ್ನೋಣ.”

“ಅದು ಮುಕ್ಕಾಲು ಕಿಲೋ ಇದೆ ಸಾರ್. ಕಿಟಕೀನೂ ಇಲ್ಲ.”

“ನಿನಗೆ ಕೆಲಸ ಬೇಕೋ ಬೇಡ್ವೋ? ನೀನು ಸುಮ್ಮನಿದ್ರೆ ಒಪ್ಪಂದಾನೂ ಉಳಿಯುತ್ತೆ, ನೀನೂ ಉಳೀತೀಯ. ಒಂದೇ ಕಲ್ಲಿಗೆ ಎರಡು ಹಕ್ಕಿ.”

ಅದು ಸುಳ್ಳಲ್ಲ ಎನ್ನುವುದೇ ಅವಳ ಸಂಕಟ. ಬಕೆಟ್ಟು ಹಿಡಿದು ಹಿಂದಿನ ಮೆಟ್ಟಿಲಿನತ್ತ ಹೋದಳು. ಅಲ್ಲಿ ಕೆಮ್ಮಿನ ಸಾಹೇಬರು ಕೋಟು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವಳನ್ನು ಕಂಡು ಅಭ್ಯಾಸಬಲದಿಂದ ಕಾಲು ಎತ್ತಿದರು, ಒರೆಸಲಿ ಎಂದು.

“ಹೋಗ್ತಾ ಇದೀರಾ ಸ್ವಾಮಿ?”

“ಹೋಗ್ಲೇಬೇಕಮ್ಮ. ಮೂವತ್ತು ವರ್ಷದ ನೌಕರಿ. ನಿಜ ಹೇಳ್ತೀನಿ, ಆ ಕರಡು ನನಗೂ ಇಷ್ಟಾನೇ ಆಗಿತ್ತು. ಆದ್ರೆ ಕೊಟ್ಟ ಕೆಲಸ ಕೊಟ್ಟ ಕೆಲಸ. ದ್ರೋಹಿ ಅಂದ್ಬಿಟ್ರು ನೋಡು.” ಅವರು ಎರಡು ಸಲ ಕೆಮ್ಮಿದರು. ಮೂರನೆಯದು ಕೆಮ್ಮಲ್ಲ, ಬಿಕ್ಕು.

ಮೇಜಕ್ಕ ಬಕೆಟ್ಟು ಅಲ್ಲಿಯೇ ಬಿಟ್ಟಳು. ಸೀದಾ ಅಧ್ಯಕ್ಷರ ಕೋಣೆಗೆ ನಡೆದಳು. ಅಲ್ಲಿ ವಿಚಾರಣೆಗೆಂದು ಹನ್ನೆರಡು ದೇಶದವರು ಕೂತಿದ್ದರು.

“ನಾನೇ ಮಲಗಿಸಿದ್ದು,” ಎಂದಳು.

ಹನ್ನೆರಡು ಲೇಖನಿಗಳು ನಿಂತವು.

“ಯಾರ ಅಪ್ಪಣೆ ಮೇಲೆ?” ಎಂದರು ಬೋಳುತಲೆಯ ಪ್ರತಿನಿಧಿ.

“ಊಟದ ಗಂಟೆ ಹೊಡೀತು ಸ್ವಾಮಿ.”

“ಯಾವ ದೇಶದ ಪರವಾಗಿ?”

“ದೂಳು ಎಲ್ಲ ದೇಶದ ಮೇಜಿನ ಮೇಲೂ ಒಂದೇ ಥರ ಕೂರುತ್ತೆ.”

“ಇದು ರೂಪಕ,” ಎಂದು ಕನ್ನಡಕದ ಪ್ರತಿನಿಧಿ ಪಕ್ಕದವರಿಗೆ ಪಿಸುಗುಟ್ಟಿದರು. “ತರಬೇತಿ ಪಡೆದವಳು.”

“ನಮ್ಮ ವಿರೋಧಿಗಳ ಏಜೆಂಟು,” ಎಂದರು ಒಬ್ಬರು. “ಅಲ್ಲ, ನಿಮ್ಮವಳೇ,” ಎಂದರು ಇನ್ನೊಬ್ಬರು. ಹತ್ತೊಂಬತ್ತು ವರ್ಷ ತಮ್ಮ ಮೊಣಕೈ ಪಕ್ಕದಲ್ಲೇ ಒರೆಸುತ್ತಿದ್ದವಳ ಮುಖವನ್ನು ಅವರೆಲ್ಲ ಅಂದೇ ಮೊದಲು ನೋಡಿದ್ದು.

ಆದರೂ ಅವಳ ಮಾತಿನಿಂದ, ಸಾಹೇಬರು ಫಲಕ ನಿಲ್ಲಿಸಿಯೇ ಹೋಗಿದ್ದರೆಂಬುದು ಖಚಿತವಾಯಿತು. ಅಧ್ಯಕ್ಷರು ನಿಟ್ಟುಸಿರು ಬಿಟ್ಟು ಸಭೆಯನ್ನು ಮತ್ತೆ ಸೇರಿಸಿದರು. ಕೆಮ್ಮಿನ ಸಾಹೇಬರು ಫಲಕ ನಿಲ್ಲಿಸಿ, ಎರಡು ಸಲ ಕೆಮ್ಮಿ, ಯಾರ ಮುಖವನ್ನೂ ನೋಡದೆ ಆಕ್ಷೇಪ ಓದಿದರು. ಕರಡು ಬಿದ್ದುಹೋಯಿತು. ಅವರ ನೌಕರಿ ಉಳಿಯಿತು. ತಬ್ಬಿಕೊಂಡಿದ್ದ ರಾಯಭಾರಿಗಳು ಮತ್ತೆ ಮುಖ ತಿರುಗಿಸಿದರು.

ಮ್ಯಾನೇಜರು ಅವಳನ್ನು ತೆಗೆದುಹಾಕುವ ಕಾಗದ ಬರೆದು ಅಧ್ಯಕ್ಷರ ಬಳಿ ತಂದರು. ಹಾಗೆ ತೆಗೆಯಲಾಗದೆಂದು ಹನ್ನೆರಡು ಮಂದಿಯೂ ತಡೆದರು. ಅವಳು ಏಕಮಾತ್ರ ಸಾಕ್ಷಿ. ಅವಳನ್ನು ಹೊರಗೆ ಕಳಿಸಿದರೆ ಎದುರಿನವರು ಬಲೆ ಬೀಸಿ ಹಿಡಿದುಬಿಡುತ್ತಾರೆಂದು ಪ್ರತಿಯೊಬ್ಬರಿಗೂ ಭಯ. ಫಲಕ ಮಲಗಿದ್ದು ಹೇಗೆಂದು ಬರೆಯಲು ಕೂತರು. ‘ಮಲಗಿಸಲಾಯಿತು’ ಎನ್ನಬೇಕೆಂದು ಆರು ಮಂದಿ, ‘ಮಲಗಿದ ಸ್ಥಿತಿಯಲ್ಲಿ ಕಂಡುಬಂತು’ ಎನ್ನಬೇಕೆಂದು ಆರು ಮಂದಿ. ಕೊನೆಗೆ ಅದನ್ನು ಪಕ್ಕಕ್ಕಿಟ್ಟು, ವಿಚಾರಣೆ ವರ್ಷಕ್ಕೊಮ್ಮೆ ಮುಂದುವರಿಯಲಿ, ಮುಗಿಯುವ ತನಕ ಸಾಕ್ಷಿಯನ್ನು ಅವಳ ಜಾಗದಿಂದ ಕದಲಿಸಬಾರದು ಎಂದು ನಿರ್ಣಯ ತಂದರು. ನೂರ ಅರವತ್ತೆರಡು ಮೇಜುಗಳಲ್ಲಿ ಒಂದು ಫಲಕವೂ ಎದ್ದು ನಿಲ್ಲಲಿಲ್ಲ. ನಾಲ್ಕು ವಾರಗಳಲ್ಲಿ ಸರ್ವಸಮ್ಮತವಾಗಿ ಉಳಿದದ್ದು ಅದೊಂದೇ.

ಮ್ಯಾನೇಜರು ಯಂತ್ರದ ಅಂಗಡಿಗೆ ಫೋನು ಮಾಡಿ ಬೇಡವೆಂದರು. “ನಾನು ರಿಟೈರಾದ್ರೂ ನೀನು ಆಗಲ್ಲ ಕಣಮ್ಮ,” ಎಂದು ಹಲ್ಲು ಕಡಿದರು.

ಸಂಜೆ ಮನೆಯಲ್ಲಿ ಮೇಜಕ್ಕ ನಡೆದದ್ದನ್ನೆಲ್ಲ ಹೇಳಿದಳು. ಅತ್ತೆ ಕೈಯಲ್ಲಿದ್ದ ಹೊಲಿಗೆ ಬಿಟ್ಟು ಕೇಳಿದಳು.

“ಅಲ್ಲ, ಆ ವಿಚಾರಣೆ ಮುಗಿಯೋದು ಯಾವಾಗ?”

“ಎಲ್ಲರೂ ಒಪ್ಪಿದ ಮೇಲೆ.”

“ಹಾಗಾದ್ರೆ ನಿನ್ನ ಮೊಮ್ಮಕ್ಕಳಿಗೂ ಕೆಲಸ ಗ್ಯಾರಂಟಿ ಅನ್ನು!”

ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಮೇಜಕ್ಕನೂ ನಕ್ಕಳು, ಆದರೆ ಆ ನಗು ಅರ್ಧಕ್ಕೇ ನಿಂತಿತು.

“ಏನೇ ಅದು, ಮುಖ ಯಾಕೆ ಹಾಗೆ?”

“ಏನಿಲ್ಲ ಅತ್ತೆ. ಊಟ ಆದ್ಮೇಲೆ ಹತ್ತು ನಿಮಿಷ, ಬಾಂಬು ಎಣಿಸೋಕೆ ಎಲ್ಲರೂ ಒಪ್ಪಿದ್ರು. ಬಾಗಿಲ ಹತ್ರ ಬಟ್ಟೆ ಹಿಂಡ್ತಾ ನೋಡ್ದೆ. ಅಷ್ಟು ದೊಡ್ಡ ಮನುಷ್ಯರು, ಮಕ್ಕಳ ಹಾಗೆ ಕುಣೀತಾ ಇದ್ರು. ನನ್ನ ಕೆಲಸ ಹೋದ್ರೆ ಹೋಗ್ಲಿ, ಇದು ಹೀಗೇ ಇರ್ಲಿ ಅನ್ನಿಸ್ಬಿಡ್ತು.”

“ಮತ್ತೆ ಹೋಗಿ ಯಾಕೆ ಹೇಳ್ದೆ?”

“ಆ ಕೆಮ್ಮಿನ ಸಾಹೇಬ್ರು ಕಾಲು ಎತ್ತಿದ್ರು ಅತ್ತೆ,” ಎಂದಳು ಮೇಜಕ್ಕ, “ನಾನು ಒರೆಸ್ಲಿ ಅಂತ.”