ಹೇಳಿದಂತೆ ಬರೆದ ಎಲೆ

“ತುದಿ ಮೊಂಡು, ಬುಡ ಊದಿದೆ, ಮೈತುಂಬ ರೋಮ,” ಎಂದು ಆಕೆ ಗೊಣಗುವುದನ್ನು ಮೊದಲ ಸಲ ಕೇಳಿದಾಗ, ಪಾಪ, ಗಂಡನನ್ನು ಬೈಯುತ್ತಿದ್ದಾರೆ ಎಂದುಕೊಂಡಿದ್ದೆ. ಗಂಡನೇ ಇರಲಿಲ್ಲ. ಎದುರಿಗಿದ್ದದ್ದು ಒಂದು ಎಲೆ.

ನಾನೂ ಕೆಲಸಕ್ಕಿದ್ದ, ಒಣಗಿದ ಎಲೆ, ಸತ್ತ ಜೀರುಂಡೆಗಳ ಆ ಮ್ಯೂಸಿಯಮ್ಮಿನಲ್ಲಿ ಇಪ್ಪತ್ತೆರಡು ವರ್ಷ ಚಿತ್ರ ಬರೆದವರು ಅವರು. ಎಲ್ಲರಿಗೂ ಗೆರೆಯಕ್ಕ. ಮಾತು ಕಡಿಮೆ, ನೆನಪು ಜಾಸ್ತಿ.

ನಿರ್ದೇಶಕರದು ತದ್ವಿರುದ್ಧ. ಯಾವ ಎಲೆ ಕಂಡರೂ ‘ಹೃದಯಾಕಾರ’ ಎಂದು ಬರೆದು ಕೈತೊಳೆದುಕೊಳ್ಳುವರು. ಗರಗಸದಂಥ ಅಂಚು, ಅಲೆಯಂಥ ಅಂಚು ಎಂಬ ಭೇದಭಾವ ಅವರಲ್ಲಿರಲಿಲ್ಲ. ಗೆರೆಯಕ್ಕ ಎಲೆಯನ್ನೇ ನೋಡಿ ಚಿತ್ರ ಬರೆದು, ಅವರ ವಿವರಣೆಯನ್ನೂ ಪೆನ್ಸಿಲ್ಲಿನಲ್ಲಿ ಸದ್ದಿಲ್ಲದೆ ತಿದ್ದಿಬಿಡುವರು.

ಆ ವಿವರಣೆ, ಚಿತ್ರಗಳೆಲ್ಲ ಸೇರಿ ನಿರ್ದೇಶಕರ ಮೊದಲ ಪುಸ್ತಕ ಬಂತು. ಗೆರೆಯಕ್ಕನ ಹೆಸರು ಹಾಕುವುದಾಗಿ ಅವರು ಮಾತು ಕೊಟ್ಟಿದ್ದರು. ತೆರೆದರೆ, ‘ಚಿತ್ರಗಳು: ಸಂಗ್ರಹ’.

“ಸಂಗ್ರಹ ಅಂದ್ರೆ ಯಾರಕ್ಕಾ? ಆಫೀಸಿಗೆ ಹೊಸದಾಗಿ ಬಂದವಳಾ?” ಮನೆಯಲ್ಲಿ ಊಟಕ್ಕೆ ಕೂತಾಗ ಗೆರೆಯಕ್ಕನ ತಂಗಿ ಕೆಣಕಿದಳು.

ಗೆರೆಯಕ್ಕ ಊಟ ಬಿಟ್ಟೆದ್ದರು. ಮರುದಿನ ನೇರ ನಿರ್ದೇಶಕರ ಕೋಣೆಗೆ ಹೋದರು.

“ಎರಡನೇ ಪುಸ್ತಕಕ್ಕಾದ್ರೂ ಹೆಸರು ಹಾಕಿ ಸರ್.”

“ಕೈ ಕೆಲಸಕ್ಕೆಲ್ಲ ಹೆಸರೇನಮ್ಮಾ? ತಲೆ ಕೆಲಸ ನಂದು. ನಾನು ಹೇಳಿದ್ದನ್ನ ನೀನು ಬರಿ, ಸಾಕು.”

“ಹೇಳಿದ್ದನ್ನೇ ಬರೀತೀನಿ ಸರ್.”

ಅಂದೇ ಎಲೆ, ಜೀರುಂಡೆಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಜಡಿದರು. ವಿವರಣೆ ತಿದ್ದುವ ರಬ್ಬರು, ಪೆನ್ಸಿಲ್ಲು ಡ್ರಾಯರಿಗೆ ಹೋದವು. ಇನ್ನು ನಿರ್ದೇಶಕರ ವಾಕ್ಯಗಳೇ ಗತಿ. ಬಾಣದಂಥ ಎಲೆಯನ್ನು ಅವರು ‘ತಲೆಕೆಳಗಾದ ಹೃದಯಾಕಾರ’ ಎಂದಿದ್ದರು, ತಲೆಕೆಳಗಾಗಿಯೇ ಮೂಡಿತು. ಬಾಚಣಿಗೆಯಂಥ ಮೀಸೆಯ ಜೀರುಂಡೆಗೆ ‘ಗದೆಯಾಕಾರದ ಮೀಸೆ’ ಎಂದಿದ್ದರು. ಬಡಪಾಯಿ ಹುಳ ಎರಡು ಗದೆ ಹೊತ್ತು ನಿಂತಿತು. ಇಷ್ಟು ಚೆಂದದ ಗೆರೆ ಅವರ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ಪ್ರತಿ ಹಾಳೆಯ ಕೆಳಗೂ ‘ವಿವರಣೆಯಂತೆಯೇ ಇದೆ’ ಎಂದು ಬರೆದು ನಿರ್ದೇಶಕರ ಸಹಿ ಹಾಕಿಸಿಕೊಂಡರು. ಅವರು ಫೋನಿನಲ್ಲಿ ಮಾತಾಡುತ್ತಲೇ ಗೀಚಿದರು.

ಎರಡನೇ ಪುಸ್ತಕದ ಬಿಡುಗಡೆಯ ದಿನ ಅತಿಥಿಯಾಗಿ ಬಂದ ಮುದಿ ಪ್ರಾಧ್ಯಾಪಕರು ಪುಸ್ತಕ ತಿರುವಿದರು, ಕನ್ನಡಕ ಒರೆಸಿಕೊಂಡರು, ಮತ್ತೆ ತಿರುವಿದರು. ಆಮೇಲೆ ನಕ್ಕರು. ನಿಲ್ಲಿಸಲೇ ಇಲ್ಲ.

ನಿರ್ದೇಶಕರ ಮುಖ ಬಿಳುಚಿತು. ಮೈಕು ಕಿತ್ತುಕೊಂಡು, “ಚಿತ್ರ ನಂದಲ್ಲ! ಒಂದೊಂದೂ ಇವಳೇ ಬರೆದದ್ದು!” ಎಂದು ಗೆರೆಯಕ್ಕನ ಪೂರ್ತಿ ಹೆಸರನ್ನು, ತಂದೆಯ ಹೆಸರಿನ ಸಮೇತ, ತುಂಬಿದ ಸಭೆಗೆ ಎರಡು ಸಲ ಕೂಗಿ ಹೇಳಿದರು.

ಹಿಂದಿನ ಸಾಲಿನಲ್ಲಿ ತಂಗಿ ಚಪ್ಪಾಳೆ ತಟ್ಟಿದಳು. ಗೆರೆಯಕ್ಕ ಸಹಿಯ ಹಾಳೆಗಳ ಕಟ್ಟು ಹಿಡಿದು ನಿಧಾನವಾಗಿ ಎದ್ದು ನಿಂತರು.

“ಇಂಥ ಎಲೆ ಪ್ರಪಂಚದಲ್ಲಿ ಎಲ್ಲಾದ್ರೂ ಇದೆಯೇನಮ್ಮಾ?” ನಿರ್ದೇಶಕರು ಗುಡುಗಿದರು.

“ನಿಮ್ಮ ತಲೇಲಿದೆ ಸರ್. ನಂದು ಬರೀ ಕೈ ಕೆಲಸ.”